ಕರಿಚಿರತೆ ಮೊದಲು ಮತಪತ್ರದ ಮೇಲಿತ್ತು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಹುಡುಗರ ಟೀ ಶರ್ಟ್ ಮೇಲೆ, ಬೈಕಿನ ಟ್ಯಾಂಕ್ ಮೇಲೆ, ವಾಟ್ಸಾಪ್ ಡಿಪಿಯಲ್ಲಿ ಆ ಕರಿಚಿರತೆಯನ್ನ ನೋಡ್ತಾನೇ ಇರ್ತೀವಿ. ಎಗರೋಕೆ ರೆಡಿಯಾದ ಮೈ, ಚಾಚಿದ ಪಂಜ. ಇದು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ರೆಡಿ ಇರುತ್ತೆ: ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್, ಓಕ್ಲ್ಯಾಂಡ್ ಊರು, ಕಪ್ಪು ಜಾಕೆಟ್, ತಲೆಗೆ ಬೆರೆ ಟೋಪಿ, ಕೈಯಲ್ಲಿ ಬಂದೂಕು. ಅಲ್ಲಿಂದ 1972ರಲ್ಲಿ ಮುಂಬೈಗೆ, ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಅವರ ದಲಿತ ಪ್ಯಾಂಥರ್ಸ್‌ಗೆ. ಮುಂಬೈಯಿಂದ ನಮ್ಮ ಕೇರಿಗಳಿಗೆ.

ಸುಳ್ಳೇನಲ್ಲ. ಆದರೆ ಕತೆಯ ಮೊದಲ ಭಾಗವೇ ಇದರಲ್ಲಿ ಬಿಟ್ಟುಹೋಗಿದೆ. ಆ ಚಿರತೆ ಹುಟ್ಟಿದ್ದು ಓಕ್ಲ್ಯಾಂಡ್ ನಗರದಲ್ಲಲ್ಲ. ದಕ್ಷಿಣ ಅಮೆರಿಕದ ಖಂಡ ಅಲ್ಲ, ಅಮೆರಿಕ ದೇಶದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ ಲೌಂಡ್ಸ್ ಅನ್ನೋ ಹತ್ತಿ ಬೆಳೆಯುವ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಒಂದು ತಾಲ್ಲೂಕು ಅಂದ್ಕೊಳ್ಳಿ. ಅಲ್ಲಿ ಆ ಚಿರತೆ ಒಂದು ಚುನಾವಣಾ ಚಿಹ್ನೆಯಾಗಿತ್ತು. ಓದು ಬರಹ ಬಾರದ ಕಪ್ಪು ಕೂಲಿಗಳು ಮತಪತ್ರದಲ್ಲಿ ಗುರುತು ಹಿಡಿಯಲಿ ಅಂತ ಬರೆಸಿದ ಚಿತ್ರ. ಆ ಮತಪತ್ರದವರೆಗೆ ತಲುಪೋಕೆ ಅವರಿಗೆ ಎಷ್ಟು ವರ್ಷ ಹಿಡೀತು, ಯಾರು ಹೇಗೆ ತಡೆದರು ಅನ್ನೋದನ್ನ ಇವತ್ತು ಬರೀತಿದ್ದೀನಿ.

1870ರಲ್ಲಿ ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂತು. ಜನಾಂಗ, ಬಣ್ಣ, ಹಿಂದೆ ಗುಲಾಮನಾಗಿದ್ದ ಸ್ಥಿತಿ, ಈ ಕಾರಣಗಳಿಗಾಗಿ ಯಾರ ಮತದ ಹಕ್ಕನ್ನೂ ನಿರಾಕರಿಸಬಾರದು ಅನ್ನೋದು ಅದರ ಸಾರ. ಸ್ವಲ್ಪ ಗಮನಿಸಿ ಓದಿ. ನಿನಗೆ ಓಟಿದೆ ಅಂತ ಅದು ಹೇಳಲಿಲ್ಲ. ಈ ಮೂರು ಕಾರಣ ಕೊಟ್ಟು ಕಿತ್ಕೋಬೇಡಿ ಅಂತ ಮಾತ್ರ ಹೇಳ್ತು. ಬೇರೆ ಕಾರಣ ಹುಡುಕ್ಕೊಂಡ್ರೆ? ಮತದಾರರ ಪಟ್ಟಿ ಮಾಡೋದು, ಯಾರಿಗೆ ಯೋಗ್ಯತೆ ಇದೆ ಅಂತ ತೀರ್ಮಾನಿಸೋದು, ಬೂತ್ ಎಲ್ಲಿರಬೇಕು ಅನ್ನೋದು, ಎಲ್ಲವೂ ರಾಜ್ಯಗಳ ಕೈಯಲ್ಲೇ ಉಳೀತು. ಅದೂ ನಿನ್ನೆಯವರೆಗೆ ಗುಲಾಮರನ್ನ ಇಟ್ಕೊಂಡಿದ್ದವರೇ ಮತ್ತೆ ಹಿಡಿದುಕೊಂಡ ರಾಜ್ಯಗಳ ಕೈಯಲ್ಲಿ.

ಮೊದಮೊದಲು ಓಟು ನಿಜವಾಗಿಯೂ ಇತ್ತು. ಅಂತರ್ಯುದ್ಧ ಮುಗಿದ ಮೇಲೆ ಕೇಂದ್ರದ ಸೈನ್ಯ ದಕ್ಷಿಣದಲ್ಲಿದ್ದ ಆ ಕೆಲವು ವರ್ಷಗಳಲ್ಲಿ ಕಪ್ಪು ಜನ ಸಾಲುಗಟ್ಟಿ ಮತ ಹಾಕಿದರು. ಸೆಲ್ಮಾ ಊರಿನ ಬೆಂಜಮಿನ್ ಟರ್ನರ್, ಗುಲಾಮನಾಗಿ ಹುಟ್ಟಿದವರು, 1871ರಲ್ಲಿ ಅಲಬಾಮಾದಿಂದ ಸಂಸತ್ತಿಗೆ ಹೋಗಿ ಕೂತರು. ಅವರ ನಂತರ ಇನ್ನಿಬ್ಬರು ಹೋದರು. 1877ಕ್ಕೆ ಅದು ಮುಗೀತು. ಅಲಬಾಮಾದಿಂದ ಮುಂದಿನ ಕಪ್ಪು ಸಂಸದ ದಿಲ್ಲಿಗೆ, ಅಲ್ಲ ವಾಷಿಂಗ್ಟನ್‌ಗೆ, ಹೋಗಿ ಕೂತಿದ್ದು 1993ರಲ್ಲಿ. ನಡುವೆ 116 ವರ್ಷ.

ಹೇಗೆ ಮುಗಿಸಿದರು? ಮೊದಲು ಕೊಲೆ, ಕೊಳ್ಳಿ, ಚಾವಟಿ. ಅದನ್ನ ನಾವು ಸಿನಿಮಾಗಳಲ್ಲಿ ನೋಡಿದ್ದೀವಿ. ನನಗೆ ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚೋದು ಆಮೇಲೆ ಬಂದ ಕಾಗದದ ಕೆಲಸ. ಯಾಕಂದ್ರೆ ಕೊಲೆ ಮಾಡಿದ್ರೆ ಪತ್ರಿಕೆಯಲ್ಲಿ ಬರುತ್ತೆ, ಅರ್ಜಿ ತಿರಸ್ಕರಿಸಿದ್ರೆ ಬರಲ್ಲ. 1890ರಲ್ಲಿ ಮಿಸಿಸಿಪ್ಪಿ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಿತು. ಆಗ ಆ ರಾಜ್ಯದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಆ ಸಂವಿಧಾನದ ಮತದಾನದ ನಿಯಮಗಳಲ್ಲಿ ಕಪ್ಪು ಅನ್ನೋ ಪದ ಇರಲಿಲ್ಲ, ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಇದ್ದದ್ದು ಇಷ್ಟು: ಮತ ಹಾಕೋಕೆ 2 ಡಾಲರ್ ತೆರಿಗೆ ಕಟ್ಟಿರಬೇಕು, ರಾಜ್ಯದಲ್ಲಿ ಎರಡು ವರ್ಷ ನೆಲೆಸಿರಬೇಕು, ಸಂವಿಧಾನದ ಒಂದು ಭಾಗವನ್ನ ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನ ಸರಿಯಾಗಿ ಅರ್ಥ ವಿವರಿಸಬೇಕು. ಸರಿಯೋ ತಪ್ಪೋ ಅಂತ ಹೇಳೋನು ನೋಂದಣಿ ಗುಮಾಸ್ತ. ಗುಮಾಸ್ತ ಬಿಳಿಯ. 1898ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ನೋಡಿ, ಇಲ್ಲಿ ಬಣ್ಣದ ಮಾತೇ ಇಲ್ಲವಲ್ಲ ಅಂತ ಬಿಟ್ಟುಬಿಟ್ಟಿತು.

ಅದೇ 1898ರಲ್ಲಿ ಲೂಸಿಯಾನಾ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಓದು ಬಾರದ, ಆಸ್ತಿ ಇಲ್ಲದ ಬಿಳಿಯರ ಗತಿ ಏನು? ಅವರಿಗೊಂದು ಕಿಂಡಿ ಬೇಕಲ್ಲ. 1867ರ ಜನವರಿ 1ಕ್ಕೆ ನಿನಗೋ ನಿನ್ನಪ್ಪನಿಗೋ ತಾತನಿಗೋ ಓಟಿದ್ದರೆ ಪರೀಕ್ಷೆ ಬೇಡ ಅಂದರು. ತಾತ ಗುಲಾಮನಾಗಿದ್ದವನಿಗೆ ಆ ತಾರೀಖಿನಲ್ಲಿ ಓಟು ಎಲ್ಲಿಂದ ಬರಬೇಕು? ಹುಟ್ಟನ್ನೇ ಅರ್ಹತೆ ಮಾಡೋ ಈ ವಿದ್ಯೆ ನಮಗೆ ಹೊಸದೇನಲ್ಲ ಬಿಡಿ. ಪರಿಣಾಮ ನೋಡಿ: 1896ರಲ್ಲಿ ಲೂಸಿಯಾನಾದ ಪಟ್ಟಿಯಲ್ಲಿ 1,30,334 ಕಪ್ಪು ಮತದಾರರು. 1900ರಲ್ಲಿ 5,320. 1904ರಲ್ಲಿ 1,342.

ಅಲಬಾಮಾದ ಸರದಿ 1901ರಲ್ಲಿ. ಅಲ್ಲಿ ಸಂವಿಧಾನ ಬರೆಯಲು ಸೇರಿದ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಮುಚ್ಚುಮರೆ ಮಾಡಲಿಲ್ಲ. ಬಿಳಿಯರ ಯಜಮಾನಿಕೆಯನ್ನ ಕಾನೂನಿನ ಮೂಲಕವೇ ಸ್ಥಾಪಿಸೋದು ನಮ್ಮ ಉದ್ದೇಶ ಅಂತ ಉದ್ಘಾಟನಾ ಭಾಷಣದಲ್ಲೇ ಹೇಳಿದ. ಈ ಸಂವಿಧಾನಕ್ಕೆ ಜನಮತ ತಗೊಂಡಾಗ ಯಾವ ಕೌಂಟಿಗಳಲ್ಲಿ 'ಹೌದು' ಅನ್ನೋ ಮತ ರಾಶಿ ಬಿತ್ತು ಗೊತ್ತಾ? ಕಪ್ಪು ಜನ ಅತಿ ಹೆಚ್ಚಿದ್ದ ಕೌಂಟಿಗಳಲ್ಲಿ. ಅಂದರೆ ಲೆಕ್ಕದ ಪ್ರಕಾರ ಅವರೇ ತಮ್ಮ ಓಟನ್ನ ಕಿತ್ತುಹಾಕಿ ಅಂತ ಓಟು ಹಾಕಿದ್ದಾರೆ! ಮತಪೆಟ್ಟಿಗೆ ಯಾರ ಕೈಯಲ್ಲಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಿಗೆ ಬಂದ ಕಪ್ಪು ಗಂಡಸರು ರಾಜ್ಯದಲ್ಲಿ 1 ಲಕ್ಷ 80 ಸಾವಿರದಷ್ಟಿದ್ದರು. 1903ಕ್ಕೆ ಪಟ್ಟಿಯಲ್ಲಿ ಉಳಿದವರು 3 ಸಾವಿರಕ್ಕೂ ಕಡಿಮೆ. ಬಡ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿ ಇದರಲ್ಲಿ ಕೊಚ್ಚಿಹೋದರು. ತೆರಿಗೆ ವರ್ಷಕ್ಕೆ ಒಂದೂವರೆ ಡಾಲರ್, ಕಟ್ಟದಿದ್ದರೆ ಬಾಕಿ ಸೇರ್ತಾ ಹೋಗ್ತಿತ್ತು, 36 ಡಾಲರ್‌ವರೆಗೆ. ಅವರ ಹೆಸರು ಹೇಳಿ ಈ ಕಾನೂನು ತಂದಿದ್ದರೂ ಅವರಲ್ಲಿ ಬಹಳ ಜನಕ್ಕೆ ಓಟು ಸಿಗಲಿಲ್ಲ.

ಇಲ್ಲಿ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಜ್ಯಾಕ್ಸನ್ ಗೈಲ್ಸ್. ಅಲಬಾಮಾದ ರಾಜಧಾನಿ ಮಾಂಟ್‌ಗೊಮೆರಿಯಲ್ಲಿ ಕಚೇರಿ ಗುಡಿಸಿ ಒರೆಸೋ ಕೆಲಸ. 1871ರಿಂದ 1901ರವರೆಗೆ, ಮೂವತ್ತು ವರ್ಷ, ಓಟು ಹಾಕಿದ್ದವರು. 1902ರಲ್ಲಿ ಹೊಸ ಪಟ್ಟಿಗೆ ಹೆಸರು ಬರೆಸೋಕೆ ಹೋದರೆ ಆಗಲ್ಲ ಅಂದರು. ನಿಯಮ ಏನಿತ್ತು ಅಂದರೆ ಒಳ್ಳೆಯ ನಡತೆ ಇರಬೇಕು, ಪೌರನ ಕರ್ತವ್ಯಗಳ ತಿಳುವಳಿಕೆ ಇರಬೇಕು. ಮೂವತ್ತು ವರ್ಷ ಓಟು ಹಾಕಿದವನಿಗೆ ತಿಳುವಳಿಕೆ ಇಲ್ಲ ಅಂತ ಗುಮಾಸ್ತ ತೀರ್ಪು ಕೊಟ್ಟ. ಗೈಲ್ಸ್ ಸುಮ್ಮನಾಗಲಿಲ್ಲ. ತನ್ನ ಪರವಾಗಿ, ತನ್ನಂಥ ಐದು ಸಾವಿರಕ್ಕೂ ಹೆಚ್ಚು ಜನರ ಪರವಾಗಿ ಕೋರ್ಟಿಗೆ ಹೋದರು. ಬುಕರ್ ಟಿ. ವಾಷಿಂಗ್ಟನ್ ಹೊರಗೆ ಬಿಳಿಯರ ಜೊತೆ ಹೊಂದಿಕೊಂಡು ಹೋಗಿ ಅಂತ ಭಾಷಣ ಮಾಡ್ತಿದ್ದರು, ಒಳಗಿಂದೊಳಗೆ ಈ ಕೇಸಿಗೆ ದುಡ್ಡು ಕೊಡ್ತಿದ್ದರು. ಅವರನ್ನ ಬರೀ ಬೈಯೋರು ಇದನ್ನೂ ಲೆಕ್ಕಕ್ಕೆ ತಗೋಬೇಕು.

1903ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಭಕ್ತಿಯಿಂದ ಓದಿಸೋ ಹೆಸರು. ಅವರ ತರ್ಕ ಹೀಗಿತ್ತು. ಇಡೀ ನೋಂದಣಿ ವ್ಯವಸ್ಥೆಯೇ ಮೋಸ ಅಂತ ನೀನು ಹೇಳ್ತೀಯ. ಹಾಗಾದರೆ ಆ ಮೋಸದ ಪಟ್ಟಿಗೆ ನಿನ್ನ ಹೆಸರನ್ನೂ ಸೇರಿಸಿ ನಾವು ಅದರಲ್ಲಿ ಪಾಲುದಾರರಾಗೋದು ಹೇಗೆ? ಎರಡನೇದು, ರಾಜ್ಯದ ಬಿಳಿಯರೆಲ್ಲ ಸೇರಿ ನಿನಗೆ ಓಟು ಕೊಡಬಾರದು ಅಂತ ತೀರ್ಮಾನಿಸಿದ್ದರೆ ನಮ್ಮ ಆದೇಶದ ಒಂದು ತುಂಡು ಕಾಗದದಿಂದ ಏನೂ ಆಗಲ್ಲ, ಪರಿಹಾರ ಬೇಕಾದರೆ ರಾಜ್ಯ ಸರ್ಕಾರವನ್ನೋ ಸಂಸತ್ತನ್ನೋ ಕೇಳು. ಓಟೇ ಇಲ್ಲದವನಿಗೆ, ಹೋಗಿ ಓಟಿನ ಮೂಲಕ ಪರಿಹಾರ ತಗೋ ಅಂದ ಹಾಗೆ. ನಾನು ಈ ತೀರ್ಪಿನ ಬಗ್ಗೆ ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ನಡುವೆ ಬಾಬಾಸಾಹೇಬರ ಒಂದು ಮಾತು ನೆನಪಾಗುತ್ತೆ, ಇಲ್ಲೇ ಹೇಳಿಬಿಡ್ತೀನಿ. ನಮ್ಮ ಕರಡು ಸಂವಿಧಾನದಲ್ಲಿ ಪ್ರಾಂತ್ಯಗಳ ಚುನಾವಣೆಗೆ ಆಯಾ ಪ್ರಾಂತ್ಯಕ್ಕೆ ಪ್ರತ್ಯೇಕ ಆಯೋಗ ಅಂತಿತ್ತು. 1949ರ ಜೂನ್‌ನಲ್ಲಿ ಅಂಬೇಡ್ಕರ್ ಅದನ್ನ ಬದಲಿಸುವ ತಿದ್ದುಪಡಿ ತಂದರು. ಕಾರಣವನ್ನೂ ಹೇಳಿದರು: ಕೆಲವು ಪ್ರಾಂತ್ಯಗಳಲ್ಲಿ ಜನಾಂಗ, ಭಾಷೆ, ಸಂಸ್ಕೃತಿಯಲ್ಲಿ ತಮ್ಮವರಲ್ಲದ ಜನರನ್ನ ಮತದಾರರ ಪಟ್ಟಿಯಿಂದ ಹೊರಗಿಡೋಕೆ ಅಧಿಕಾರಿಗಳಿಗೆ ಸೂಚನೆ ಹೋಗ್ತಿದೆ ಅನ್ನೋ ದೂರುಗಳಿವೆ. ಅದಕ್ಕೇ ಪಟ್ಟಿ ಮಾಡೋ ಅಧಿಕಾರವನ್ನ ಪ್ರಾಂತ್ಯ ಸರ್ಕಾರಗಳ ಕೈಯಿಂದ ತೆಗೆದು ಇಡೀ ದೇಶಕ್ಕೆ ಒಂದೇ ಆಯೋಗಕ್ಕೆ ಕೊಟ್ಟರು. ವಿಧಿ 324 ಹುಟ್ಟಿದ್ದು ಹಾಗೆ. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿ ಇವತ್ತಿಗೂ ಇಲ್ಲ. (ಒಂದೇ ಆಯೋಗ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಅದು ಬೇರೆ ಪೋಸ್ಟು.)

ಮತ್ತೆ ಅಲಬಾಮಾಕ್ಕೆ ಬರೋಣ. ಕೋರ್ಟು ಒಂದು ಕಿಂಡಿ ಮುಚ್ಚಿದರೆ ರಾಜ್ಯಗಳು ಇನ್ನೊಂದು ಕೊರೀತಿದ್ದವು. ತಾತನ ನಿಯಮ 1915ರಲ್ಲಿ ಬಿದ್ದುಹೋಯ್ತು. ತಕ್ಷಣ ಓಕ್ಲಹೋಮಾ ರಾಜ್ಯ, ಹಳೇ ಮತದಾರರೆಲ್ಲ ತಾನಾಗೇ ಪಟ್ಟಿಯಲ್ಲಿರ್ತಾರೆ, ಹೊಸಬರು 1916ರ ಏಪ್ರಿಲ್ 30ರಿಂದ ಮೇ 11ರೊಳಗೆ ಬಂದು ಬರೆಸಬೇಕು, ಇಲ್ಲದಿದ್ದರೆ ಜೀವನಪೂರ್ತಿ ಇಲ್ಲ ಅಂತ ಕಾನೂನು ಮಾಡ್ತು. ಹನ್ನೆರಡು ದಿನ! ಅದು ಬೀಳೋಕೆ 1939 ಆಗಬೇಕಾಯ್ತು. ಟೆಕ್ಸಾಸ್‌ನಲ್ಲಿ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗೆ ಬಿಳಿಯರಿಗೆ ಮಾತ್ರ ಪ್ರವೇಶ. ಅಲ್ಲಿ ಗೆದ್ದವನೇ ಕೊನೆಗೂ ಗೆಲ್ಲೋದು. ನಾಲ್ಕು ಸಲ ಸುಪ್ರೀಂ ಕೋರ್ಟಿಗೆ ಹೋಗಿ 1944ರಲ್ಲಿ ಅದು ನಿಂತಿತು, ವಕೀಲರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಅಲಬಾಮಾದ ಟಸ್ಕೀಗಿ ಊರಿನಲ್ಲಿ ಕಪ್ಪು ಪ್ರಾಧ್ಯಾಪಕರು, ಓದಿದವರು ಹೇಗೋ ಪರೀಕ್ಷೆ ಪಾಸಾಗಿ ಸುಮಾರು 400 ಜನ ಪಟ್ಟಿಗೆ ಸೇರಿಬಿಟ್ಟರು. 1957ರಲ್ಲಿ ರಾಜ್ಯ ಸರ್ಕಾರ ಏನು ಮಾಡ್ತು? ಜನರನ್ನ ಬಿಟ್ಟು ಊರನ್ನೇ ಕತ್ತರಿಸ್ತು. ಚೌಕಾಕಾರದ ಊರಿನ ಗಡಿಯನ್ನ 28 ಮೂಲೆಗಳ ವಿಚಿತ್ರ ಆಕಾರ ಮಾಡಿ, ನಾಲ್ಕೋ ಐದೋ ಜನ ಬಿಟ್ಟು ಕಪ್ಪು ಮತದಾರರೆಲ್ಲ ಊರ ಹೊರಗೆ, ಬಿಳಿಯರೆಲ್ಲ ಊರ ಒಳಗೆ. ಊರು ಒಂದು ಕಡೆ, ಕೇರಿ ಒಂದು ಕಡೆ, ಅದೂ ಶಾಸನಸಭೆಯ ಮಸೂದೆಯಿಂದ. ಸಮಾಜಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಕೋರ್ಟಿಗೆ ಹೋಗಿ 1960ರಲ್ಲಿ ಗೆದ್ದರು.

ಓದಿದವರಿದ್ದ ಊರಿನಲ್ಲೇ ಹೀಗಾದರೆ ಲೌಂಡ್ಸ್‌ನಂಥ ಹಳ್ಳಿಗಾಡಿನಲ್ಲಿ?

ಲೌಂಡ್ಸ್ ಇರೋದು ಸೆಲ್ಮಾ ಮತ್ತು ಮಾಂಟ್‌ಗೊಮೆರಿ ನಡುವೆ, 80ನೇ ನಂಬರ್ ಹೆದ್ದಾರಿಯ ಮೇಲೆ. ಜನಸಂಖ್ಯೆ ಹದಿನೈದು ಸಾವಿರ, ಅದರಲ್ಲಿ ನೂರಕ್ಕೆ ಎಂಬತ್ತು ಕಪ್ಪು ಜನ. ಜಮೀನು ಬಹುಪಾಲು ಕೆಲವೇ ಹತ್ತಾರು ಬಿಳಿ ಕುಟುಂಬಗಳ ಕೈಯಲ್ಲಿ. ಉಳಿದವರು ಕೋರುಪಾಲಿಗೆ ಹತ್ತಿ ಬೆಳೆಯೋರು. ಗುಡಿಸಲು ಧಣಿಯದ್ದು, ಬೀಜ ಧಣಿಯದ್ದು, ಅಂಗಡಿ ಸಾಲ ಧಣಿಯದ್ದು, ವರ್ಷದ ಕೊನೆಗೆ ಲೆಕ್ಕ ಬರೆಯೋ ಪುಸ್ತಕವೂ ಧಣಿಯದ್ದು. 1965ರ ಶುರುವಿನಲ್ಲಿ ಅಲ್ಲಿ ವಯಸ್ಸಿಗೆ ಬಂದ ಕಪ್ಪು ಜನ ಐದು ಸಾವಿರ ಇದ್ದರು. ಮತದಾರರ ಪಟ್ಟಿಯಲ್ಲಿದ್ದವರು ಸೊನ್ನೆ. ಒಬ್ಬರೂ ಇಲ್ಲ. ಬಿಳಿಯರ ಪಟ್ಟಿ ಮಾತ್ರ ಅಲ್ಲಿದ್ದ ಅರ್ಹ ಬಿಳಿಯರ ಸಂಖ್ಯೆಗಿಂತ ಜಾಸ್ತಿ ಇತ್ತು. ಸತ್ತವರು, ಊರು ಬಿಟ್ಟವರು ಎಲ್ಲರೂ ಅದರಲ್ಲಿದ್ದರು.

ಸೊನ್ನೆ ಹೇಗೆ ಸಾಧ್ಯ ಅನ್ನೋದಕ್ಕೆ ಒಂದು ನಿಯಮ ಹೇಳ್ತೀನಿ. ಅಲಬಾಮಾದಲ್ಲಿ ಹೆಸರು ಬರೆಸಬೇಕಾದರೆ ಈಗಾಗಲೇ ಪಟ್ಟಿಯಲ್ಲಿರುವ ಒಬ್ಬ ಮತದಾರ ಬಂದು, ಇವನು ನನಗೆ ಗೊತ್ತು, ಯೋಗ್ಯ ಅಂತ ಸಾಕ್ಷಿ ಹೇಳಬೇಕು. ಒಬ್ಬ ಕಪ್ಪು ಮತದಾರನೂ ಇಲ್ಲದ ಕೌಂಟಿಯಲ್ಲಿ ಸಾಕ್ಷಿ ಹೇಳೋರು ಯಾರು? ನಿನ್ನ ಧಣಿಯೇ ಬರಬೇಕು. ಜೊತೆಗೆ ನೋಂದಣಿ ಕಚೇರಿ ತೆಗೆಯೋದು ತಿಂಗಳಿಗೆ ಎರಡು ಸೋಮವಾರ. ಅವತ್ತು ಕೂಲಿ ಬಿಟ್ಟು ಹೋಗಬೇಕು, ಹೋದವರ ಹೆಸರು ಸಂಜೆಯೊಳಗೆ ಧಣಿಗೆ ಗೊತ್ತಾಗುತ್ತೆ. ಕಾಗದದ ಹಿಂದೆ ಬಂದೂಕು ಇದ್ದೇ ಇತ್ತು. ಸುತ್ತಲಿನವರು ಆ ಜಾಗವನ್ನ 'ನೆತ್ತರ ಲೌಂಡ್ಸ್' ಅಂತಲೇ ಕರೀತಿದ್ದರು.

1965ರ ಮಾರ್ಚ್ 1. ಸುಮಾರು ನಲವತ್ತು ಜನ ಕೌಂಟಿ ಕೇಂದ್ರವಾದ ಹೇನ್‌ವಿಲ್ ಕೋರ್ಟು ಕಚೇರಿಗೆ ಹೋದರು. ಮುಂದಾಳು ಜಾನ್ ಹ್ಯೂಲೆಟ್. ಅವತ್ತು ವಾಪಸ್ ಕಳಿಸಿದರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ನೋಂದಣಿಯನ್ನ ಹಳೇ ಜೈಲು ಕಟ್ಟಡಕ್ಕೆ ಸಾಗಿಸಿದ್ದರು. ಹೆಸರು ಬರೆಸೋಕೆ ಬಂದೋರು ಜೈಲಿನೊಳಗೆ ಹೋಗಬೇಕು. ಹೋದರು. ಅವತ್ತು ಪಟ್ಟಿಗೆ ಸೇರಿದ್ದು ಇಬ್ಬರೇ: ಹ್ಯೂಲೆಟ್, ಇನ್ನೊಬ್ಬರು ಕಣ್ಣು ಕಾಣದ ಒಬ್ಬ ಪಾದ್ರಿ.

ಇದೇ ಮಾರ್ಚ್ 7ರಂದು ಸೆಲ್ಮಾದ ಸೇತುವೆ ಮೇಲೆ ಸುಮಾರು 600 ಜನರ ಮೆರವಣಿಗೆಯನ್ನ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳಿಂದ ತುಳಿಸಿದ್ದು, ಜಾನ್ ಲೂಯಿಸ್ ಅವರ ತಲೆಬುರುಡೆ ಒಡೆದದ್ದು. ಅದು ನಿಮಗೆಲ್ಲ ಗೊತ್ತಿರೋ ಕತೆ. ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ಅವರ ದೊಡ್ಡ ಮೆರವಣಿಗೆ ಮಾಂಟ್‌ಗೊಮೆರಿಗೆ ಹೋಗಿದ್ದು ಲೌಂಡ್ಸ್ ಮೂಲಕವೇ. ಮೆರವಣಿಗೆ ಮುಗಿದ ರಾತ್ರಿ, ಮಾರ್ಚ್ 25ರಂದು, ಜನರನ್ನ ಕಾರಿನಲ್ಲಿ ಬಿಡ್ತಿದ್ದ ವಯೋಲಾ ಲಿಯುಝೋ ಅನ್ನೋ ಡೆಟ್ರಾಯಿಟ್‌ನ ಬಿಳಿ ಹೆಂಗಸನ್ನ, ಐದು ಮಕ್ಕಳ ತಾಯಿಯನ್ನ, ಇದೇ ಲೌಂಡ್ಸ್‌ನ ರಸ್ತೆಯಲ್ಲಿ ಗುಂಡಿಟ್ಟು ಕೊಂದರು. ಕ್ಯಾಮೆರಾಗಳು ಹೊರಟುಹೋದವು. ಸ್ಟೋಕ್ಲಿ ಕಾರ್ಮೈಕಲ್ ಮತ್ತು ಎಸ್‌ಎನ್‌ಸಿಸಿ ವಿದ್ಯಾರ್ಥಿ ಸಂಘಟನೆಯ ಕೆಲವರು ಮಾತ್ರ ಅಲ್ಲೇ ಉಳಿದು ಮನೆ ಮನೆ ಸುತ್ತಿದರು.

ಆಗಸ್ಟ್ 6ಕ್ಕೆ ಮತದಾನ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಇದರ ಶಕ್ತಿ ಎಲ್ಲಿತ್ತು ಅಂತ ಅರ್ಥ ಮಾಡ್ಕೋಬೇಕು. ಹಕ್ಕಿದೆ ಅಂತ ಇನ್ನೊಮ್ಮೆ ಬರೆದದ್ದರಲ್ಲಿ ಅಲ್ಲ. ಓದಿನ ಪರೀಕ್ಷೆ, ಸಾಕ್ಷಿಯ ನಿಯಮ ಎಲ್ಲ ಆ ರಾಜ್ಯಗಳಲ್ಲಿ ರದ್ದು. ಕೇಂದ್ರದ ನೋಂದಣಿ ಅಧಿಕಾರಿಯೇ ಬಂದು ಪಟ್ಟಿ ಬರೀತಾನೆ. ಇನ್ನು ಮುಂದೆ ಚುನಾವಣೆಯ ಯಾವುದೇ ನಿಯಮ ಬದಲಿಸಬೇಕಾದರೂ, ಒಂದು ಬೂತ್ ಸ್ಥಳಾಂತರಿಸಬೇಕಾದರೂ, ಈ ರಾಜ್ಯಗಳು ಮೊದಲೇ ವಾಷಿಂಗ್ಟನ್‌ನ ಒಪ್ಪಿಗೆ ಪಡೀಬೇಕು. ಅಂದರೆ ಕದ್ದ ಮೇಲೆ ಕೋರ್ಟಿಗೆ ಅಲೆಯೋದಲ್ಲ, ಕದಿಯೋ ಮೊದಲೇ ತಡೆ. ಗೈಲ್ಸ್ ಕೇಳಿದ್ದು ಅರವತ್ತೆರಡು ವರ್ಷ ತಡವಾಗಿ ಬಂತು. ನಾಲ್ಕೇ ದಿನದಲ್ಲಿ ಕೇಂದ್ರದ ಅಧಿಕಾರಿಗಳು ಲೌಂಡ್ಸ್‌ಗೆ ಬಂದು ಕೂತರು.

ಆಗ ಧಣಿಗಳ ಸರದಿ. ಆಗಸ್ಟ್ 20ರಂದು ಹೇನ್‌ವಿಲ್ ಅಂಗಡಿಯೊಂದರ ಮುಂದೆ ಜೊನಾಥನ್ ಡೇನಿಯಲ್ಸ್ ಅನ್ನೋ ಬಿಳಿ ಧರ್ಮವಿದ್ಯಾರ್ಥಿ, 17 ವರ್ಷದ ರೂಬಿ ಸೇಲ್ಸ್ ಅನ್ನೋ ಕಪ್ಪು ಹುಡುಗಿಯನ್ನ ಪಕ್ಕಕ್ಕೆ ತಳ್ಳಿ ತಾನು ಗುಂಡು ತಿಂದು ಸತ್ತರು. ಕೊಂದವನನ್ನ ಬಿಳಿಯರೇ ತುಂಬಿದ್ದ ಜ್ಯೂರಿ ಬಿಡುಗಡೆ ಮಾಡ್ತು. ಆ ವರ್ಷದ ಕೊನೆಗೆ ಹತ್ತಿ ಲೆಕ್ಕ ಮುಗಿಯೋ ಹೊತ್ತಿಗೆ, ಹೆಸರು ಬರೆಸಿದ ಕೂಲಿಗಳನ್ನ ಧಣಿಗಳು ಒಕ್ಕಲೆಬ್ಬಿಸಿದರು. ತಲೆಮಾರುಗಳಿಂದ ಇದ್ದ ಗುಡಿಸಲುಗಳಿಂದ ಚಳಿಗಾಲದಲ್ಲಿ ಹೊರಗೆ. ಬಹಿಷ್ಕಾರ ಅನ್ನೋ ಪದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಳವಳಿಯವರು 80ನೇ ಹೆದ್ದಾರಿ ಪಕ್ಕ ಒಂದಿಷ್ಟು ಜಾಗ ಹೊಂದಿಸಿ ಡೇರೆ ಹಾಕಿದರು. ನೀರಿಲ್ಲ, ಕರೆಂಟಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಹೋಗೋ ಕಾರುಗಳಿಂದ ಡೇರೆಗಳ ಮೇಲೆ ಗುಂಡು ಬೀಳ್ತಿತ್ತು. ಕೆಲವು ಕುಟುಂಬಗಳು ಅಲ್ಲಿ ಎರಡೂವರೆ ವರ್ಷದಷ್ಟು ಕಾಲ ಕಳೆದವು, ಮಕ್ಕಳು ಮರಿ ಕಟ್ಟಿಕೊಂಡು. ಒಂದು ಪುಸ್ತಕದಲ್ಲಿ ಹೆಸರು ಬರೆಸಿದ್ದಕ್ಕೆ.

ಹೆಸರು ಬಂತು. ಓಟು ಯಾರಿಗೆ? ಅಲಬಾಮಾದಲ್ಲಿ ಆಳ್ತಿದ್ದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಒಂದು ಬಿಳಿ ಹುಂಜ. ಅದರ ತಲೆ ಮೇಲೆ 'ಬಿಳಿಯರ ಯಜಮಾನಿಕೆ' ಅಂತ ಘೋಷಣೆ. ತಮಾಷೆ ಅಲ್ಲ, ಮತಪತ್ರದ ಮೇಲೆ ಅಚ್ಚಾಗ್ತಿತ್ತು. 1966ರಲ್ಲಿ ಕಪ್ಪು ಮತದಾರರ ಸಂಖ್ಯೆ ಏರೋದು ನೋಡಿ ಆ ಪದಗಳನ್ನ ಕಿತ್ತರು, ಹುಂಜ ಉಳೀತು. ಜೊತೆಗೆ ಲೌಂಡ್ಸ್‌ನಲ್ಲಿ ಷರೀಫ್ ಹುದ್ದೆಗೆ ಪಕ್ಷದೊಳಗೆ ಸ್ಪರ್ಧಿಸೋಕೆ 50 ಡಾಲರ್ ಇದ್ದ ಶುಲ್ಕವನ್ನ 500 ಮಾಡಿದರು. ಅಷ್ಟರಲ್ಲಿ ಎಸ್‌ಎನ್‌ಸಿಸಿಯ ಸಂಶೋಧಕ ಜ್ಯಾಕ್ ಮಿನ್ನಿಸ್ ಅಲಬಾಮಾದ ಕಾನೂನು ಪುಸ್ತಕಗಳನ್ನ ಜಾಲಾಡಿ ಒಂದು ಹಳೇ ನಿಯಮ ಹುಡುಕಿದ: ಒಂದು ಕೌಂಟಿಯೊಳಗೇ ಸ್ವತಂತ್ರ ಪಕ್ಷ ಕಟ್ಟಬಹುದು, ಸಭೆ ಸೇರಿ ಅಭ್ಯರ್ಥಿಗಳನ್ನ ಆರಿಸಬಹುದು. ಆದರೆ ಪಕ್ಷಕ್ಕೊಂದು ಚಿಹ್ನೆ ಇರಬೇಕು.

ಹೀಗೆ ಹುಟ್ಟಿದ್ದು ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಶನ್. ಚಿಹ್ನೆ ಬರೆದುಕೊಡು ಅಂತ ಅಟ್ಲಾಂಟಾದ ಕಚೇರಿಯಲ್ಲಿದ್ದ ರೂತ್ ಹೋವರ್ಡ್ ಅನ್ನೋ ಕಾರ್ಯಕರ್ತೆಗೆ ಹೇಳಿದರು. ಆಕೆ ಮೊದಲು ಪಾರಿವಾಳ ಅಂದಳು. ನಮ್ಮ ಜನಕ್ಕೆ ಅದು ಒಗ್ಗಲ್ಲ ಅಂತ ವಾಪಸ್ ಬಂತು. ಅಟ್ಲಾಂಟಾದ ಕ್ಲಾರ್ಕ್ ಕಾಲೇಜಿನ ಆಟದ ತಂಡದ ಲಾಂಛನ ಚಿರತೆ; ಅದನ್ನ ನೋಡಿ ಬರೆದದ್ದು ಈ ಕರಿಚಿರತೆ. ಚಿರತೆ ತಾನಾಗಿ ಯಾರ ತಂಟೆಗೂ ಹೋಗಲ್ಲ, ಮೂಲೆಗೆ ಒತ್ತಿದರೆ ಮಾತ್ರ ಮೇಲೆ ಬೀಳುತ್ತೆ ಅಂತ ಹ್ಯೂಲೆಟ್ ಜನರಿಗೆ ವಿವರಿಸ್ತಿದ್ದರು. ಎದುರಿಗಿದ್ದದ್ದು ಹುಂಜ ಅನ್ನೋದನ್ನ ಮರೀಬೇಡಿ.

ನನಗೆ ಈ ಕತೆಯಲ್ಲಿ ತುಂಬಾ ಇಷ್ಟವಾಗೋದು ಅವರು ಮಾಡಿದ ತಯಾರಿ. ಷರೀಫ್ ಅಂದರೆ ಬೂಟುಗಾಲಲ್ಲಿ ಒದೆಯೋನು ಅಂತಷ್ಟೇ ಗೊತ್ತಿದ್ದ ಜನಕ್ಕೆ, ಷರೀಫನ ನಿಜವಾದ ಕೆಲಸ ಏನು, ತೆರಿಗೆ ಅಳೆಯೋ ಅಧಿಕಾರಿಯ ಕೆಲಸ ಏನು, ಶಾಲಾ ಮಂಡಳಿ ಏನು ಮಾಡಬೇಕು ಅಂತ ಚಿತ್ರಕತೆಯ ಪುಟ್ಟ ಪುಸ್ತಕ ಮಾಡಿ ಹಂಚಿದರು, ತರಗತಿ ನಡೆಸಿದರು. ದೊಡ್ಡ ಜಮೀನುಗಳ ಮೇಲಿನ ತೆರಿಗೆ ಯಾಕೆ ಇಷ್ಟು ಕಡಿಮೆ, ನಮ್ಮ ಮಕ್ಕಳ ಶಾಲೆ ಯಾಕೆ ಹೀಗಿದೆ ಅನ್ನೋ ಲೆಕ್ಕ ಆಗ ಜನರಿಗೆ ಸಿಕ್ತು. ನಾಯಕರ ಭಾಷಣ ಕೇಳಿಸಿ ಬಿರಿಯಾನಿ ಕೊಟ್ಟು ಕಳಿಸಿದ್ದಲ್ಲ.

1966ರ ಮೇ 3ಕ್ಕೆ ಅಭ್ಯರ್ಥಿಗಳನ್ನ ಆರಿಸೋ ಸಭೆ. ಕೋರ್ಟಿನ ಹುಲ್ಲುಹಾಸಿನ ಮೇಲೆ ಮಾಡಿದ್ರೆ ರಕ್ಷಣೆ ಕೊಡಲ್ಲ ಅಂದ ಷರೀಫ್. ಸ್ವಲ್ಪ ದೂರದ ಚರ್ಚಿನ ಅಂಗಳದಲ್ಲಿ ಸೇರಿದರು. ಸುಮಾರು 900 ಜನ ಬಂದು ಸಾಲಾಗಿ ನಿಂತು ತಮ್ಮದೇ ಮತಪತ್ರದ ಮೇಲೆ ಗುರುತು ಹಾಕಿದರು. ಹದಿನಾಲ್ಕು ತಿಂಗಳ ಹಿಂದೆ ಸೊನ್ನೆ ಇದ್ದ ಜಾಗದಲ್ಲಿ. ನವೆಂಬರ್ ಹೊತ್ತಿಗೆ ಪಟ್ಟಿಯಲ್ಲಿ ಕಪ್ಪು ಮತದಾರರು ಎರಡೂವರೆ ಸಾವಿರ ದಾಟಿದ್ದರು.

ನವೆಂಬರ್ 8ಕ್ಕೆ ನಿಜವಾದ ಚುನಾವಣೆ. ಚಿರತೆಯ ಏಳು ಅಭ್ಯರ್ಥಿಗಳೂ ಸೋತರು. ಅವರಿಗೆ ಬಿದ್ದದ್ದು ಸುಮಾರು 1,600 ಮತ. ಧಣಿಗಳು ತಮ್ಮ ಕೂಲಿಗಳನ್ನ ಟ್ರಕ್ಕಿನಲ್ಲಿ ತುಂಬಿಕೊಂಡು ಬಂದು ಹುಂಜಕ್ಕೆ ಹಾಕಿಸಿದರು. ಟ್ರ್ಯಾಕ್ಟರಿನಲ್ಲಿ ಬೂತಿಗೆ ಹೋಗಿ ಬಂದ ನಮ್ಮ ಅಜ್ಜಿ ತಾತಂದಿರ ನೆನಪಿರೋರು ಆ ಕೂಲಿಗಳನ್ನ ಬೈಯೋಕೆ ಹೋಗಲ್ಲ. ಗುಡಿಸಲು ಅವನದ್ದಾದರೆ ಕೈಯೂ ಅವನದ್ದೇ ಆಗುತ್ತೆ. ಆದರೂ ಮತಗಳ ಪ್ರಮಾಣ ಪಕ್ಷಕ್ಕೆ ಮಾನ್ಯತೆ ಸಿಗೋವಷ್ಟಿತ್ತು. ಅದಕ್ಕೆ ಮುಂಚೆಯೇ, ಅಕ್ಟೋಬರ್‌ನಲ್ಲಿ, ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ದೂರದ ಓಕ್ಲ್ಯಾಂಡ್‌ನಲ್ಲಿ ಈ ಚಿರತೆಯನ್ನ ತಮ್ಮ ಪಕ್ಷಕ್ಕೆ ತಗೊಂಡಿದ್ದರು. ಮುಂದಿನದನ್ನ ಇಡೀ ಜಗತ್ತು ನೋಡ್ತು, ನಮ್ಮ ಮುಂಬೈ ಹುಡುಗರೂ ನೋಡಿದರು. 1973ರ ದಲಿತ ಪ್ಯಾಂಥರ್ಸ್ ಪ್ರಣಾಳಿಕೆಯಲ್ಲಿ ಅಮೆರಿಕದ ಪ್ಯಾಂಥರ್ಸ್ ಪ್ರಸ್ತಾಪ ಇದೆ, ಲೌಂಡ್ಸ್ ಕೂಲಿಗಳದ್ದಿಲ್ಲ. ಅಷ್ಟು ಹೊತ್ತಿಗೆ ಚಿತ್ರ ಉಳಿದು ಹಳ್ಳಿ ಅಳಿಸಿಹೋಗಿತ್ತು.

ಹಳ್ಳಿಯ ಕತೆ ಮುಂದುವರೀತು. 1970ರಲ್ಲಿ ಜಾನ್ ಹ್ಯೂಲೆಟ್ ಲೌಂಡ್ಸ್ ಕೌಂಟಿಯ ಷರೀಫ್ ಆಗಿ ಗೆದ್ದರು. ಐದು ವರ್ಷದ ಹಿಂದೆ ಹಳೇ ಜೈಲಿನೊಳಗೆ ಹೋಗಿ ಹೆಸರು ಬರೆಸಿದ್ದ ಮನುಷ್ಯ. ಎರಡು ದಶಕಕ್ಕೂ ಹೆಚ್ಚು ಕಾಲ ಷರೀಫ್ ಆಗಿದ್ದರು. ಪೊಲೀಸರ ಹೊಡೆತ ನಿಂತಿತು ಅಂತ ಅಲ್ಲಿಯ ಹಿರಿಯರು ಮೊದಲು ನೆನೆಯೋದು ಇದನ್ನೇ. ಜಮೀನು ಮಾತ್ರ ಕೈ ಬದಲಾಗಲಿಲ್ಲ. ಇವತ್ತಿಗೂ ಲೌಂಡ್ಸ್ ಬಡ ಕೌಂಟಿ. ಒಳಚರಂಡಿ ಇಲ್ಲದೆ ಮನೆ ಹಿತ್ತಲಲ್ಲೇ ಮಲದ ನೀರು ನಿಲ್ಲೋ ಮನೆಗಳಿವೆ, ಅಲ್ಲಿಯ ಮಗಳೇ ಆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ವರ್ಷಗಟ್ಟಲೆ ಅದರ ವಿರುದ್ಧ ಹೋರಾಡ್ತಿದ್ದಾರೆ. ಓಟು ಬಂದರೆ ಎಲ್ಲ ಬರುತ್ತೆ ಅನ್ನೋರಿಗೂ ಓಟಿನಿಂದ ಏನೂ ಆಗಲ್ಲ ಅನ್ನೋರಿಗೂ ನಾನು ಲೌಂಡ್ಸ್ ತೋರಿಸ್ತೀನಿ.

ಇನ್ನು ಆ ಕಾಯ್ದೆ ಏನಾಯ್ತು? 2013ರ ಜೂನ್ 25ರಂದು ಸುಪ್ರೀಂ ಕೋರ್ಟ್, ಶೆಲ್ಬಿ ಅನ್ನೋ ಇನ್ನೊಂದು ಕೌಂಟಿ ಹಾಕಿದ್ದ ಕೇಸಿನಲ್ಲಿ, ಮುಂಚಿತ ಒಪ್ಪಿಗೆ ಯಾವ ರಾಜ್ಯಗಳಿಗೆ ಬೇಕು ಅಂತ ನಿರ್ಧರಿಸುವ ಸೂತ್ರವನ್ನ ಐದಕ್ಕೆ ನಾಲ್ಕು ಮತದಿಂದ ಹೊಡೆದುಹಾಕಿತು. ಸೂತ್ರ ಹೋದ ಮೇಲೆ ಒಪ್ಪಿಗೆಯೂ ಹೋಯ್ತು. ಶೆಲ್ಬಿ ಇರೋದು ಎಲ್ಲಿ ಹೇಳಿ? ಅಲಬಾಮಾದಲ್ಲೇ. ಪರಿಸ್ಥಿತಿ ಬದಲಾಗಿದೆ, ಹಳೇ ಅಂಕಿಅಂಶ ಇಟ್ಕೊಂಡು ಈ ರಾಜ್ಯಗಳನ್ನ ಇನ್ನೂ ಶಿಕ್ಷಿಸೋದು ಸರಿಯಲ್ಲ ಅನ್ನೋದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ವಾದ. ಮಳೆಯಲ್ಲಿ ನೀನು ನೆನೆದಿಲ್ಲ ಅಂತ ಕೊಡೆ ಬಿಸಾಕಿದ ಹಾಗಾಯ್ತು ಅಂತ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತ ಬರೆದರು. ಮೀಸಲಾತಿ ಇನ್ನೂ ಎಷ್ಟು ವರ್ಷ ಅಂತ ನಮ್ಮನ್ನ ಕೇಳೋರ ವಾದದ ಜೊತೆ ಇದನ್ನ ಇಟ್ಟು ನೋಡಿ.

ಅದೇ ದಿನ ಟೆಕ್ಸಾಸ್ ರಾಜ್ಯ, ತಡೆಹಿಡಿದಿದ್ದ ಗುರುತಿನ ಚೀಟಿ ಕಾನೂನನ್ನ ಜಾರಿ ಮಾಡ್ತೀವಿ ಅಂತ ಘೋಷಿಸ್ತು. ನಾರ್ತ್ ಕ್ಯಾರೊಲೈನಾ ಕೆಲವೇ ವಾರಗಳಲ್ಲಿ ಹೊಸ ಕಾನೂನು ತಂತು; ಯಾವ ಯಾವ ಸೌಲಭ್ಯವನ್ನ ಕಪ್ಪು ಜನ ಹೆಚ್ಚು ಬಳಸ್ತಾರೆ ಅಂತ ಶಾಸಕರು ಮೊದಲೇ ಅಂಕಿಅಂಶ ತರಿಸಿಕೊಂಡು, ಅದನ್ನೇ ನೋಡಿ ಕತ್ತರಿಸಿದ್ದರು ಅನ್ನೋದು 2016ರಲ್ಲಿ ಮೇಲ್ಮನವಿ ಕೋರ್ಟಿನ ತೀರ್ಪಿನಿಂದಲೇ ಹೊರಬಿತ್ತು. ಕಾನೂನು ಬಿತ್ತು. ಆದರೆ ನಡುವೆ ಚುನಾವಣೆ ನಡೆದುಹೋಗಿತ್ತು. ಫ್ಲೋರಿಡಾದಲ್ಲಿ ಶಿಕ್ಷೆ ಮುಗಿಸಿದ ಕೈದಿಗಳಿಗೆ ಓಟು ವಾಪಸ್ ಕೊಡಬೇಕು ಅಂತ 2018ರಲ್ಲಿ ಜನರೇ ಮತ ಹಾಕಿದರು; ಮರುವರ್ಷ ಶಾಸನಸಭೆ, ಕೋರ್ಟು ಶುಲ್ಕ ದಂಡ ಎಲ್ಲ ಕಟ್ಟಿದ ಮೇಲೆ ಅಂತ ಷರತ್ತು ಸೇರಿಸ್ತು. ಅಲಬಾಮಾದಲ್ಲಿ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ ಮಾಡಿದರು. ಹೆಚ್ಚಿನವರ ಬಳಿ ಇರೋ ಚೀಟಿ ಅಂದರೆ ಡ್ರೈವಿಂಗ್ ಲೈಸೆನ್ಸ್. 2015ರಲ್ಲಿ ಬಜೆಟ್ ಇಲ್ಲ ಅಂತ ರಾಜ್ಯ 31 ಲೈಸೆನ್ಸ್ ಕಚೇರಿಗಳನ್ನ ಮುಚ್ಚಿತು, ಕಪ್ಪು ಜನ ಹೆಚ್ಚಿರೋ ಕೌಂಟಿಗಳೂ ಅದರಲ್ಲಿದ್ದವು. ಗಲಾಟೆ ಆದ ಮೇಲೆ, ಆಯ್ತು ತಿಂಗಳಿಗೆ ಒಂದು ದಿನ ತೆಗೀತೀವಿ ಅಂದರು.

80ನೇ ಹೆದ್ದಾರಿಯಲ್ಲಿ ಡೇರೆಗಳಿದ್ದ ಜಾಗದಲ್ಲಿ ಈಗ ಒಂದು ಮ್ಯೂಸಿಯಂ ಇದೆ, ರಾಷ್ಟ್ರೀಯ ಉದ್ಯಾನ ಇಲಾಖೆಯದ್ದು. ಅಟ್ಲಾಂಟಾ ಕಡೆ ಕೆಲಸಕ್ಕೆ, ಓದೋಕೆ ಹೋಗಿರೋ ನಮ್ಮ ಹುಡುಗ ಹುಡುಗಿಯರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ರಜಾ ದಿನ ಹೋಗಿ ಬನ್ನಿ. ಸೆಲ್ಮಾ ಸೇತುವೆಯನ್ನ ಎಲ್ಲರೂ ನೋಡಿ ವಾಪಸ್ ಬರ್ತಾರೆ, ನೀವು ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ. ಫೋಟೋ ತೆಗೆದು ಕಳಿಸಿ, ಇಲ್ಲೇ ಹಾಕ್ತೀನಿ.